ನಿಷೇಧವಾಯಿತು, ಇನ್ನು ಎಣಿಕೆ ನಡೆಯಲಿ



ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ಕೇಂದ್ರ ಸರ್ಕಾರ 2025ರ ಆಗಸ್ಟ್‌ನಲ್ಲಿ ಕಾಯ್ದೆ ತಂದು ನಿಷೇಧಿಸಿತು. ಜೂಜಿನ ಪಿಡುಗು ಇನ್ನು ಮುಗಿಯಿತು ಎಂಬ ನೆಮ್ಮದಿಯ ಮಾತು ಚೆನ್ನೈನಲ್ಲಿ ಕೇಳಿಬರುತ್ತಿದೆ. ನಾನದನ್ನು ಒಪ್ಪಲಾರೆ.

ತಮಿಳುನಾಡಿಗೆ ನಿಷೇಧ ಹೊಸದಲ್ಲ. ಲಾಟರಿ 2003ರಲ್ಲೇ ನಿಂತಿತು. ಆನ್‌ಲೈನ್ ರಮ್ಮಿ ತಡೆಯುವ ಕಾನೂನನ್ನು ಮದ್ರಾಸ್ ಹೈಕೋರ್ಟ್ 2021ರಲ್ಲಿ ರದ್ದುಮಾಡಿತು. ನಂತರ ಈ ಆಟಗಳ ಕುರಿತ ನ್ಯಾಯಮೂರ್ತಿ ಕೆ. ಚಂದ್ರು ಸಮಿತಿಯ ವರದಿ ಬಂತು, 2023ರಲ್ಲಿ ಹೊಸ ಕಾಯ್ದೆ ಜಾರಿಯಾಯಿತು. ಅದೇ ವರ್ಷದ ನವೆಂಬರ್‌ನಲ್ಲಿ ಹೈಕೋರ್ಟ್ ರಮ್ಮಿ, ಪೋಕರ್‌ಗಳನ್ನು ಅದರಿಂದ ಹೊರಗಿಟ್ಟಿತು. ಆಟ ಕೌಶಲದ್ದೋ ಅದೃಷ್ಟದ್ದೋ ಎಂಬ ವಾದಕ್ಕೇ ವರ್ಷಗಳು ಸಂದವು. ಈ ಊರಲ್ಲಿ ಎಷ್ಟು ಮಂದಿ ಚಟಕ್ಕೆ ಬಿದ್ದಿದ್ದಾರೆ ಎಂಬ ಪ್ರಶ್ನೆ ಹಿಂದೆ ಸರಿಯಿತು. 2022ರಲ್ಲಿ ರಾಜ್ಯ ಸರ್ಕಾರ ಆನ್‌ಲೈನ್ ಆಟಗಳ ಬಗ್ಗೆ ಶಿಕ್ಷಕರ ಅಭಿಪ್ರಾಯ ಸಂಗ್ರಹಿಸಿದ್ದು ಒಳ್ಳೆಯ ಕೆಲಸವೇ. ಆದರೆ ಸಂಬಳ ಬಂದ ರಾತ್ರಿಯೇ ಅದನ್ನು ಕಳೆದು, ಹೆಂಡತಿಯ ಒಡವೆ ಅಡವಿಡುವ ಗಂಡಸು ಶಿಕ್ಷಕರ ಕಣ್ಣಿಗೆ ಬೀಳುವುದಾದರೂ ಹೇಗೆ?

ಅಳೆಯುವ ದಾರಿ ಇದೆ. ಕೆನಡಾದಲ್ಲಿ ರೂಪಿಸಿದ ಒಂಬತ್ತು ಪ್ರಶ್ನೆಗಳ ಪಟ್ಟಿಯೊಂದು ಹಲವು ದೇಶಗಳಲ್ಲಿ ಬಳಕೆಯಲ್ಲಿದೆ. ಕಳೆದ ಹನ್ನೆರಡು ತಿಂಗಳಲ್ಲಿ ಸೋತ ಹಣ ವಾಪಸು ಗೆಲ್ಲಲು ಮತ್ತೆ ಆಡಿದಿರಾ? ಆಡಲು ಸಾಲ ಮಾಡಿದಿರಾ, ಏನನ್ನಾದರೂ ಮಾರಿದಿರಾ? ಹೀಗೆ. ಪ್ರತಿ ಪ್ರಶ್ನೆಗೆ ಗರಿಷ್ಠ 3 ಅಂಕ. ಮೊತ್ತ 8 ಮುಟ್ಟಿದರೆ ಅದು ಗಂಭೀರ ಸಮಸ್ಯೆ. ಬಿಪಿ, ಸಕ್ಕರೆ ಕಾಯಿಲೆ ನೋಡಲು ‘ಮಕ್ಕಳೈ ತೇಡಿ ಮರುತ್ತುವಂ’ ಯೋಜನೆಯವರು ಹೇಗೂ ಮನೆಮನೆಗೆ ಬರುತ್ತಾರೆ. ಈ ಪ್ರಶ್ನೆಗಳೂ ಅವರ ಕೈಯಲ್ಲೇ ಬರಲಿ: ತಮಿಳಿನಲ್ಲಿ, ಜೊತೆಗೆ ತೆಲುಗು, ಕನ್ನಡ, ಉರ್ದು, ಹಿಂದಿಯಲ್ಲೂ. ಬಂದವರು ಅದೇ ಬೀದಿಯವರಾದರೆ ಯಾರೂ ಬಾಯಿ ಬಿಡುವುದಿಲ್ಲ. ಆದ್ದರಿಂದ ಹೆಸರಿಲ್ಲದ ಚೀಟಿಯಲ್ಲಿ ಗುರುತು ಹಾಕಿ, ಮಡಚಿ ಪೆಟ್ಟಿಗೆಗೆ ಹಾಕುವಂತಿರಬೇಕು.

ಇನ್ನೊಂದು ತೊಡಕೂ ಇದೆ. ಕೇಂದ್ರದ ಕಾಯ್ದೆ ಆಡುವವನನ್ನು ಶಿಕ್ಷಿಸುವುದಿಲ್ಲ. ರಾಜ್ಯದ ಕಾಯ್ದೆಯಲ್ಲಿ ಅವನಿಗೂ ಮೂರು ತಿಂಗಳವರೆಗೆ ಸೆರೆಯುಂಟು. ಜೈಲಿನ ಭಯವಿರುವವನು ಸಮೀಕ್ಷೆಗೂ ಸಿಗುವುದಿಲ್ಲ, ವೈದ್ಯರ ಬಳಿಗೂ ಹೋಗುವುದಿಲ್ಲ, ಮೀಟರ್ ಬಡ್ಡಿಯವನ ಬಳಿಗೇ ಹೋಗುತ್ತಾನೆ. ಆ ಕಲಮನ್ನು ಮೊದಲು ತೆಗೆಯಬೇಕು.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮೊಬೈಲ್, ಇಂಟರ್ನೆಟ್ ಗೀಳಿಗೆಂದೇ 2014ರಿಂದ ಚಿಕಿತ್ಸಾಲಯವಿದೆ. ಹಾಗೆಯೇ ಚೆನ್ನೈನ ಕೀಳ್ಪಾಕ್ಕಂನ ಮಾನಸಿಕ ಆಸ್ಪತ್ರೆಯಲ್ಲಿ ಜೂಜಿನ ಚಟಕ್ಕೆಂದೇ ವಾರದಲ್ಲಿ ನಿಗದಿತ ದಿನ ಇಡಲಿ. ಟೆಲಿ ಮಾನಸ್ ಮಾನಸಿಕ ಆರೋಗ್ಯ ಸಹಾಯವಾಣಿಯ 14416 ಸಂಖ್ಯೆಯನ್ನು ಬಡಾವಣೆಗಳ ಚಹಾ ಅಂಗಡಿ, ಆಟೋ ನಿಲ್ದಾಣಗಳಲ್ಲಿ ಬರೆಸಲಿ. ಸಮೀಕ್ಷೆಯ ಅಂಕಿಗಳನ್ನು ವಲಯವಾರು ಪ್ರತಿ ವರ್ಷ ಪ್ರಕಟಿಸುವ ಹೊಣೆಯನ್ನು ಚೆನ್ನೈ ಮಹಾನಗರ ಪಾಲಿಕೆ ಹೊರಲಿ.

— ಓದುಗ, ತ್ಯಾಗರಾಯ ನಗರ, ಚೆನ್ನೈ