ದುರಸ್ತಿ ಮರೆತ ನಾಡು ಮತ್ತು ಹಳೆಯ ವಿಮಾನಗಳು

ಕಳೆದ ಮಳೆಗಾಲದ ಅಧ್ಯಯನ ಶಿಬಿರದಲ್ಲಿ ಕಾಲೇಜು ವಿದ್ಯಾರ್ಥಿಯೊಬ್ಬರು ನನ್ನನ್ನು ನೇರವಾಗಿಯೇ ಕೇಳಿದರು: “ಅಣೆಕಟ್ಟು, ಗಣಿ, ಹೆದ್ದಾರಿಗಳ ವಿರುದ್ಧ ಬರೆಯುವ ನೀವು ಮನೆಯ ಗೋಡೆಯ ತುಂಬ ಹಳೆಯ ವಿಮಾನಗಳ ಚಿತ್ರ ತೂಗುಹಾಕಿಕೊಂಡಿದ್ದೀರಲ್ಲ ಸರ್, ಇದು ಸರಿಯೇ?” ಸಭೆ ನಕ್ಕಿತು, ನಾನೂ ನಕ್ಕೆ. ಆದರೆ ಪ್ರಶ್ನೆ ನಕ್ಕು ಬಿಡುವಂಥದ್ದಲ್ಲ. ಯಂತ್ರವನ್ನು ಪ್ರೀತಿಸುವವನು ಕಾಡಿನ ಪರವಾಗಿ ಮಾತನಾಡಬಾರದೆಂಬ ಒಂದು ಅಲಿಖಿತ ನಿಯಮ ನಮ್ಮ ಬಳಗದಲ್ಲಿ ಬೇರೂರಿದೆ. ಇತ್ತ ವಿಮಾನಪ್ರಿಯರ ಕೂಟಕ್ಕೆ ಹೋದರೆ, ಪರಿಸರದ ಮಾತೆತ್ತಿದವನು ಆಕಾಶದ ಶತ್ರು. ಎರಡೂ ಕಡೆಯ ಮಿತ್ರರು ತಪ್ಪುತ್ತಿದ್ದಾರೆಂದು ನನ್ನ ಖಚಿತ ಅಭಿಪ್ರಾಯ. ಏಕೆಂಬುದನ್ನು ಹೇಳಲು ಬೆಂಗಳೂರಿನ ಒಂದು ಹಳೆಯ ಸಂಗತಿಯಿಂದ ಆರಂಭಿಸಬೇಕಾಗಿದೆ.

ಎರಡನೆಯ ಮಹಾಯುದ್ಧ ಮುಗಿದಾಗ ಭಾರತದಲ್ಲಿದ್ದ ಅಮೆರಿಕನ್ ನಿರ್ಮಿತ ಬಿ-24 ಲಿಬರೇಟರ್ ಬಾಂಬರ್‌ಗಳನ್ನು ಕಾನ್ಪುರದ ಡಿಪೋದಲ್ಲಿ ತಂದು ಗುಡ್ಡೆ ಹಾಕಲಾಯಿತು. ಒಪ್ಪಂದದ ಪ್ರಕಾರ ಅವು ಬೇರೆಯವರ ಕೈಗೆ ಉಪಯುಕ್ತ ಸ್ಥಿತಿಯಲ್ಲಿ ಸಿಗುವಂತಿರಲಿಲ್ಲ. ಆದ್ದರಿಂದ ಬಿಟ್ಟುಹೋಗುವವರು ಅವುಗಳನ್ನು ಬುದ್ಧಿಪೂರ್ವಕವಾಗಿಯೇ ಕೆಡಿಸಿದರು. ಉಪಕರಣಗಳನ್ನು ಒಡೆದರು, ಇಂಜಿನ್ನುಗಳನ್ನು ಹಾಳುಗೆಡವಿದರು. ಬಿಸಿಲು ಮಳೆಗಳಲ್ಲಿ ವರ್ಷಗಟ್ಟಲೆ ಬಿದ್ದಿದ್ದ ಆ ರಾಶಿಯನ್ನು ಕಂಡವರು ಗುಜರಿಯೆಂದೇ ತಿಳಿದಿದ್ದರು. 1948ರಲ್ಲಿ ಬೆಂಗಳೂರಿನ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಬೇರೊಂದು ನಿರ್ಧಾರ ಮಾಡಿತು. ಒಂದು ವಿಮಾನದ ರೆಕ್ಕೆ, ಇನ್ನೊಂದರ ಚಕ್ರ, ಮತ್ತೊಂದರ ತಂತಿ ಸೇರಿಸಿ, ಹಾರುವಷ್ಟರಮಟ್ಟಿಗೆ ಸರಿಪಡಿಸಿ, ಅವುಗಳನ್ನು ಬೆಂಗಳೂರಿಗೆ ಹಾರಿಸಿಕೊಂಡು ಬಂದರು. ಆ ಸಾಹಸದ ಹಾರಾಟಗಳನ್ನು ಮಾಡಿದವರು ಕಾರ್ಖಾನೆಯ ಪೈಲಟ್ ಜಮ್‌ಶೆಡ್ ಮುನ್ಷಿ. ಬೆಂಗಳೂರಿನಲ್ಲಿ ಪೂರ್ಣ ದುರಸ್ತಿಯಾಗಿ ಸುಮಾರು 40 ಲಿಬರೇಟರ್‌ಗಳು ವಾಯುಪಡೆಗೆ ಸೇರಿದವು. ಅವು 1968ರವರೆಗೆ, ಅಂದರೆ ಇಪ್ಪತ್ತು ವರ್ಷ, ಸೇವೆಯಲ್ಲಿದ್ದವು; ಕೊನೆಯ ವರ್ಷಗಳಲ್ಲಿ ಸಮುದ್ರದ ಕಣ್ಗಾವಲು ಅವುಗಳ ಕೆಲಸವಾಗಿತ್ತು.

ಜಗತ್ತಿನಾದ್ಯಂತ ಹದಿನೆಂಟು ಸಾವಿರಕ್ಕೂ ಹೆಚ್ಚು ಸಂಖ್ಯೆಯಲ್ಲಿ ತಯಾರಾಗಿದ್ದ ಈ ಜಾತಿಯ ವಿಮಾನಗಳನ್ನು ಉಳಿದ ದೇಶಗಳು ಕರಗಿಸಿ ಪಾತ್ರೆ ಮಾಡಿಕೊಂಡವು. ಮುಂದೆ ಬ್ರಿಟನ್ನಿನ ವಾಯುಪಡೆ ಮ್ಯೂಸಿಯಮ್ಮಿಗೆ ಒಂದು ಲಿಬರೇಟರ್ ಬೇಕಾದಾಗ ಭಾರತವೇ ಕೊಡಬೇಕಾಯಿತು. ಕೆನಡಾದ ಒಟ್ಟಾವಾದಲ್ಲಿ, ಅಮೆರಿಕದ ಅರಿಝೋನಾದಲ್ಲಿ ಇಂದು ನಿಂತಿರುವವೂ ಇಲ್ಲಿಂದ ಹೋದವೇ. ಇನ್ನೊಂದು ಅಮೆರಿಕದಲ್ಲಿ ದುರಸ್ತಿಯಾಗಿ 1989ರಿಂದ ಅನೇಕ ವರ್ಷ ಹಾರಾಡಿತು. ಅವರು ಎಸೆದದ್ದನ್ನು ನಾವು ಉಳಿಸಿದೆವು. ಉಳಿಸಿದ್ದನ್ನು ಅವರಿಗೇ ಮರಳಿಸಿದೆವು.

ಈಗ ಇದರ ಪಕ್ಕದಲ್ಲಿ ಇನ್ನೊಂದು ಘಟನೆಯನ್ನಿಟ್ಟು ನೋಡಿ. 2018ರಲ್ಲಿ ವಾಯುಪಡೆಗೆ ‘ಪರಶುರಾಮ’ ಎಂಬ ಹೆಸರಿನ ಒಂದು ಡಕೋಟಾ ವಿಮಾನ ಕೊಡುಗೆಯಾಗಿ ಬಂತು. 1947ರ ಅಕ್ಟೋಬರ್ 27ರಂದು ಶ್ರೀನಗರದಲ್ಲಿ ಸೈನಿಕರನ್ನಿಳಿಸಿದ ಡಕೋಟಾದ ಸಂಖ್ಯೆಯನ್ನೇ ಇದಕ್ಕೂ ಬರೆಯಲಾಗಿದೆ. 2019ರ ಏರೋ ಇಂಡಿಯಾದಲ್ಲಿ ಯಲಹಂಕದ ಮೇಲೆ ಅದು ಹಾರಿದಾಗ ಕಣ್ತುಂಬಿಕೊಂಡವರಲ್ಲಿ ಈ ಲೇಖಕನೂ ಒಬ್ಬ. ಕೊಟ್ಟವರ ಉದಾರತೆಯ ಬಗ್ಗೆ ನನ್ನ ಆಕ್ಷೇಪವಿಲ್ಲ. ಆದರೆ ಆ ವಿಮಾನವನ್ನು ಗುಜರಿಯಿಂದ ಎತ್ತಿ ಜೀವ ತುಂಬಿದ್ದು ಬ್ರಿಟನ್ನಿನಲ್ಲಿ! ನಲವತ್ತು ಭಗ್ನ ಬಾಂಬರ್‌ಗಳನ್ನು ಎಬ್ಬಿಸಿ ನಿಲ್ಲಿಸಿದ ನಾಡು, ಎಪ್ಪತ್ತು ವರ್ಷಗಳ ನಂತರ ಒಂದೇ ಒಂದು ಡಕೋಟಾವನ್ನು ಸಮುದ್ರದಾಚೆಯಿಂದ ರಿಪೇರಿ ಮಾಡಿಸಿ ತರಿಸಿಕೊಂಡಿತು. ಈ ನಡುವೆ ನಾವು ಕಳೆದುಕೊಂಡದ್ದು ಏನೆಂದು ವಿಮಾನಪ್ರಿಯರು ಕೇಳಲೇ ಇಲ್ಲ. ಫೋಟೋ ತೆಗೆದುಕೊಂಡು ಮನೆಗೆ ಹೋದರು.

ಕಳೆದುಕೊಂಡದ್ದು ಕೈ. ದುರಸ್ತಿಯ ಕೈ.

ಗುಡ್ಡಗಾಡಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ. ನಮ್ಮ ಘಟ್ಟದ ರಸ್ತೆಗಳಲ್ಲಿ ನಲವತ್ತು ವರ್ಷ ಹಳೆಯ ಜೀಪುಗಳು ಇಂದಿಗೂ ಅಡಿಕೆ ಮೂಟೆ, ಶಾಲೆಯ ಮಕ್ಕಳು, ಬಾಣಂತಿಯರು, ಮದುವೆ ದಿಬ್ಬಣಗಳನ್ನು ಹೊತ್ತು ಏರುತ್ತಿವೆ. ಬಿಡಿಭಾಗ ಸಿಗದಿದ್ದರೆ ಲೇತ್ ಅಂಗಡಿಯಲ್ಲಿ ಕಡೆಸುತ್ತಾರೆ. ಟೈಗರ್ ಮಾತ್ ಎಂಬ 1931ರ ವಿಮಾನವೂ ಇದೇ ಕುಲದ್ದು. ಮರದ ರೆಕ್ಕೆ, ಅದರ ಮೇಲೆ ಬಿಗಿದ ಬಟ್ಟೆ, ಬಟ್ಟೆಯನ್ನು ರೆಕ್ಕೆಯ ಪಕ್ಕೆಲುಬುಗಳಿಗೆ ಸೂಜಿ ದಾರದಿಂದ ಹೊಲಿದ ಹೊಲಿಗೆ. ಬೆಂಗಳೂರಿನಲ್ಲೇ ತಯಾರಾಗಿ ದೇಶದ ಫ್ಲೈಯಿಂಗ್ ಕ್ಲಬ್ಬುಗಳಿಗೆ ಹೋದ ಪುಷ್ಪಕ್ ವಿಮಾನದ ರೆಕ್ಕೆಯೂ ಬಟ್ಟೆ ಹೊದ್ದದ್ದೇ. ಒಬ್ಬ ಬಡಗಿ, ಒಬ್ಬ ದರ್ಜಿ, ಒಬ್ಬ ಕಮ್ಮಾರ ಕೂತು ನೋಡಿದರೆ ಇದು ಹೇಗೆ ನಿಂತಿದೆ, ಎಲ್ಲಿ ಹರಿದರೆ ಹೇಗೆ ಹೊಲಿಯಬೇಕು ಎಂಬುದು ಅವರಿಗೆ ಅರ್ಥವಾಗುತ್ತದೆ. ನಮ್ಮೂರಿನ ಜೀಪು ಮೆಕ್ಯಾನಿಕ್‌ಗೆ ಡಕೋಟಾದ ಇಂಜಿನ್ನಿನ ಚಿತ್ರ ತೋರಿಸಿದಾಗ ಅವರು ಅದರ ವೇಗವನ್ನೂ ಬೆಲೆಯನ್ನೂ ಕೇಳಲಿಲ್ಲ; “ಇದರ ಸಾಮಾನು ಎಲ್ಲಿ ಸಿಗ್ತದೆ ಮಾರಾಯ್ರೇ?” ಎಂದರು. ವಾಯುಪ್ರದರ್ಶನದ ಗಣ್ಯರ ಸಾಲಿನಲ್ಲಿ ಈ ಪ್ರಶ್ನೆಯನ್ನು ನಾನು ಕೇಳಿಲ್ಲ.

ಲೋಹದ ಲೆಕ್ಕವನ್ನೂ ನೋಡೋಣ. ಒಂದು ಕಿಲೋ ಹೊಸ ಅಲ್ಯೂಮಿನಿಯಂ ಉತ್ಪಾದನೆಗೆ ಸುಮಾರು 15 ಯೂನಿಟ್ ವಿದ್ಯುತ್ ಬೇಕು. ಒಂದು ಡಕೋಟಾದಲ್ಲಿ ಐದು ಟನ್ ಅಲ್ಯೂಮಿನಿಯಂ ಇದೆಯೆಂದಿಟ್ಟುಕೊಂಡರೆ 75 ಸಾವಿರ ಯೂನಿಟ್. ಆ ವಿದ್ಯುತ್ತಿಗಾಗಿ ಯಾವ ಕಣಿವೆ ಮುಳುಗುತ್ತದೆ, ಬಾಕ್ಸೈಟಿಗಾಗಿ ಯಾವ ಬೆಟ್ಟದ ನೆತ್ತಿ ಬೋಳಾಗುತ್ತದೆ ಎಂಬುದು ಶರಾವತಿಯ ಸಂತ್ರಸ್ತರಿಗೂ ಗೊತ್ತು, 2013ರಲ್ಲಿ ಗ್ರಾಮಸಭೆಗಳಲ್ಲಿ ಗಣಿಯನ್ನು ತಿರಸ್ಕರಿಸಿದ ಒಡಿಶಾದ ನಿಯಮಗಿರಿಯ ಡೋಂಗ್ರಿಯಾ ಕೊಂಧರಿಗೂ ಗೊತ್ತು. ಒಮ್ಮೆ ಬೆಟ್ಟ ಅಗೆದು ಮಾಡಿದ ವಸ್ತುವನ್ನು ಎಂಬತ್ತು ವರ್ಷ ಬಾಳಿಸುವವನು ನಮ್ಮ ವಿರೋಧಿಯಲ್ಲ. ಹತ್ತು ವರ್ಷಕ್ಕೆ ಎಸೆದು ಹೊಸದಕ್ಕೆ ಕೈಚಾಚುವ ವ್ಯವಸ್ಥೆ ನಮ್ಮ ವಿರೋಧಿ.

ಇನ್ನು ವಿಮಾನಪ್ರಿಯ ಮಿತ್ರರ ಸರದಿ. ಉಳಿಸುವುದೆಂದರೆ ಕಂಡಕಂಡಲ್ಲಿ ಹಾರಿಸುವುದು, ಟಿಕೆಟ್ ಮಾರುವುದು ಎಂದು ಇವರು ತಿಳಿದಂತಿದೆ. 2018ರ ಆಗಸ್ಟ್ 4ರಂದು ಸ್ವಿಟ್ಜರ್ಲೆಂಡಿನ ಆಲ್ಪ್ಸ್ ಪರ್ವತದಲ್ಲಿ 1939ರ ಯುಂಕರ್ಸ್-52 ವಿಮಾನವೊಂದು ಪ್ರವಾಸಿಗರನ್ನು ಹೊತ್ತು ನೆಲಕ್ಕಪ್ಪಳಿಸಿ, ಒಳಗಿದ್ದ 20 ಮಂದಿಯೂ ಸತ್ತರು. ಬೆಟ್ಟಗಳ ನಡುವಿನ ಇಕ್ಕಟ್ಟಿನ ಕಣಿವೆಯಲ್ಲಿ, ತಪ್ಪಿದರೆ ತಿರುಗಿಕೊಳ್ಳಲು ದಾರಿಯಿಲ್ಲದಷ್ಟು ಕೆಳಗೆ ಹಾರಿಸಿದ್ದೇ ಅಪಘಾತಕ್ಕೆ ಕಾರಣವೆಂದು ತನಿಖೆ ಹೇಳಿತು. ಲೋಹದಲ್ಲಿ ತುಕ್ಕು, ಬಿರುಕುಗಳೂ ಕಂಡುಬಂದವು, ಅವು ಆ ಅಪಘಾತಕ್ಕೆ ಕಾರಣವಲ್ಲದಿದ್ದರೂ. ಮರುವರ್ಷ ಅಕ್ಟೋಬರಿನಲ್ಲಿ ಅಮೆರಿಕದ ಕನೆಕ್ಟಿಕಟ್‌ನಲ್ಲಿ ಬಿ-17 ಬಾಂಬರ್ ಬಿದ್ದು ಏಳು ಮಂದಿ ಸತ್ತರು. ಅವರೂ ಹಣ ಕೊಟ್ಟು ಹತ್ತಿದ್ದ ಪ್ರಯಾಣಿಕರನ್ನು ಕರೆದೊಯ್ಯುತ್ತಿದ್ದವರೇ. ಅಲ್ಲಿ ಇಂಜಿನ್ನಿನ ಮ್ಯಾಗ್ನೆಟೋಗಳ ನಿರ್ವಹಣೆಯೇ ನೆಟ್ಟಗಿರಲಿಲ್ಲ. ಹಳೆಯ ಯಂತ್ರವನ್ನು ಗೌರವಿಸುವವನು ಮೊದಲು ಅದರ ವಯಸ್ಸನ್ನು ಗೌರವಿಸಬೇಕು. ಎಂಬತ್ತರ ಅಜ್ಜನನ್ನು ಜಾತ್ರೆಯಲ್ಲಿ ಕುಣಿಸಿ ಕಾಸು ಎತ್ತುವುದಕ್ಕೆ ಪ್ರೀತಿಯೆನ್ನುವುದಿಲ್ಲ.

ಜಿಲ್ಲಾ ಉತ್ಸವಗಳಲ್ಲಿ ನಮ್ಮ ಗುಡ್ಡಗಳ ಮೇಲೆ ಹತ್ತು ನಿಮಿಷದ ಹೆಲಿಕಾಪ್ಟರ್ ಸವಾರಿ ಮಾರುವ ಉತ್ಸಾಹವೂ ಇದೇ ರೋಗದ ಲಕ್ಷಣ. ಹಕ್ಕಿಗಳು ಗೂಡು ಕಟ್ಟುವ ಕಾಲ ಯಾವುದೆಂದು ಟಿಕೆಟ್ ಮಾರುವವರು ವಿಚಾರಿಸುವುದಿಲ್ಲ. ನಾಳೆ ಯಾರಾದರೂ ಹಳೆಯ ವಿಮಾನ ತಂದು “ಪಾರಂಪರಿಕ ಹಾರಾಟ” ಎಂಬ ಫಲಕ ತೂಗುಹಾಕಿದರೆ ಅದನ್ನು ವಿರೋಧಿಸುವವರ ಮೊದಲ ಸಾಲಿನಲ್ಲಿ ನಾನಿರುತ್ತೇನೆ, ಗೋಡೆಯ ಮೇಲಿನ ಚಿತ್ರಗಳ ಸಮೇತ.

ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಸೀಸದ್ದು. ಸಣ್ಣ ವಿಮಾನಗಳ ಪಿಸ್ಟನ್ ಇಂಜಿನ್ನುಗಳು ಬಳಸುವ ‘ಏವ್‌ಗ್ಯಾಸ್ 100 ಎಲ್‌ಎಲ್’ ಎಂಬ ಇಂಧನದಲ್ಲಿ ಲೀಟರಿಗೆ 0.56 ಗ್ರಾಂವರೆಗೆ ಸೀಸ ಇರಬಹುದು. ಗಂಟೆಗೆ 30 ಲೀಟರ್ ಕುಡಿಯುವ ವಿಮಾನ ಗಂಟೆಗೆ 15 ಗ್ರಾಂಗೂ ಮಿಕ್ಕಿ ಸೀಸವನ್ನು ಗಾಳಿಗೆ ಉಗುಳುತ್ತದೆ. ಮಕ್ಕಳ ಮಿದುಳಿಗೆ ವಿಷವೆಂದು 2000ದಲ್ಲಿ ಭಾರತದ ರಸ್ತೆಗಳಿಂದಲೂ, 2021ರಲ್ಲಿ ಇಡೀ ಜಗತ್ತಿನ ಕಾರುಗಳಿಂದಲೂ ತೊಲಗಿದ ವಸ್ತುವಿದು. ಅಮೆರಿಕದ ಪರಿಸರ ಸಂಸ್ಥೆ 2023ರಲ್ಲಿ ವಿಮಾನಗಳ ಸೀಸವು ಜನಾರೋಗ್ಯಕ್ಕೆ ಅಪಾಯಕಾರಿಯೆಂದು ವಿಧ್ಯುಕ್ತವಾಗಿ ಘೋಷಿಸಿತು. ಇಂಧನಕ್ಕೆ ಬೆರೆಸುವ ಆ ಸೀಸದ ದ್ರವ್ಯವನ್ನು ವಿಶೇಷ ಅನುಮತಿಯಿಲ್ಲದೆ ಬಳಸದಂತೆ ಐರೋಪ್ಯ ಒಕ್ಕೂಟ 2025ರ ಮೇ ತಿಂಗಳಿಂದ ಕಟ್ಟುಮಾಡಿದೆ. ನಮ್ಮಲ್ಲಿಯೋ, 2022ರಲ್ಲಿ ಇದೇ ಸೀಸದ ಇಂಧನವನ್ನು ದೇಶದಲ್ಲೇ ತಯಾರಿಸತೊಡಗಿದ್ದನ್ನು ಸ್ವಾವಲಂಬನೆಯ ವಿಜಯವೆಂದು ಸಮಾರಂಭ ಮಾಡಿ ಕೊಂಡಾಡಲಾಯಿತು. ಹಳೆಯ ವಿಮಾನಗಳ ಸಂಖ್ಯೆ ಬೆರಳೆಣಿಕೆಯಷ್ಟು, ಅವುಗಳ ಹೊಗೆ ಕಣಮಾತ್ರ ಎಂದು ಕೂಟದ ಗೆಳೆಯರು ವಾದಿಸುತ್ತಾರೆ. ಈ ಕಣಮಾತ್ರದ ವಾದವನ್ನು ಗಣಿ ಗುತ್ತಿಗೆದಾರರ ಬಾಯಲ್ಲಿ ಕೇಳಿ ಕೇಳಿ ನಮಗೆ ಸಾಕಾಗಿದೆ.

ವಿಚಿತ್ರವೆಂದರೆ, ನಿಜವಾದ ಹಳೆಯ ಇಂಜಿನ್ನಿಗೆ ಸೀಸ ಬೇಕಾಗಿಯೇ ಇಲ್ಲ. ಟೈಗರ್ ಮಾತ್‌ನ ಜಿಪ್ಸಿ ಮೇಜರ್ ಇಂಜಿನ್ ಕಡಿಮೆ ಆಕ್ಟೇನಿನ ಪೆಟ್ರೋಲಿಗಾಗಿ ರೂಪುಗೊಂಡದ್ದು. ಸೀಸರಹಿತ ವಿಮಾನ ಇಂಧನದಲ್ಲಿ ಅದು ನೆಮ್ಮದಿಯಾಗಿ ಓಡುತ್ತದೆ. ಸೀಸ ಬೇಕಾದದ್ದು ನಂತರ ಬಂದ, ಹೆಚ್ಚು ಒತ್ತಡದ, ಯುದ್ಧಕ್ಕಾಗಿ ಹುರಿಗೊಳಿಸಿದ ಇಂಜಿನ್ನುಗಳಿಗೆ. ಅವುಗಳಿಗೂ ಹೊಂದುವ ಸೀಸರಹಿತ ಇಂಧನವೊಂದಕ್ಕೆ 2022ರಲ್ಲಿ ಅಮೆರಿಕದಲ್ಲಿ ಮಂಜೂರಾತಿ ದೊರೆತಿದೆ. ಅದು ನಮ್ಮಲ್ಲಿಗೆ ಬರುವವರೆಗೆ ಅಂಥವು ನೆಲದ ಮೇಲೆ ನಿಲ್ಲಲಿ. ಇಂಜಿನ್ ಬಿಚ್ಚಿ ಜೋಡಿಸುವುದನ್ನು ಕಲಿಸಲು ಹಾರಲೇಬೇಕೆಂದಿಲ್ಲ.

ಬೆಂಗಳೂರಿನ ವಿಶ್ವೇಶ್ವರಯ್ಯ ಮ್ಯೂಸಿಯಮ್ಮಿನ ಅಂಗಳದಲ್ಲಿ ಒಂದು ಮಾರುತ್ ಯುದ್ಧವಿಮಾನ ನಿಂತಿದೆ. 1961ರಲ್ಲಿ ಬೆಂಗಳೂರಿನಲ್ಲೇ ಮೊದಲು ಹಾರಿದ, ನಮ್ಮ ಕಾರ್ಮಿಕರು ರಿವೆಟ್ ಹೊಡೆದು ಕಟ್ಟಿದ ವಿಮಾನ ಅದು. ಶಾಲಾಮಕ್ಕಳು ಅದರ ಮುಂದೆ ಸಾಲಾಗಿ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಎಚ್.ಎ.ಎಲ್. ಪಾರಂಪರಿಕ ಕೇಂದ್ರದಲ್ಲೂ ಹಳೆಯ ವಿಮಾನಗಳಿವೆ. ಇವುಗಳ ಪೈಕಿ ಒಂದೆರಡನ್ನಾದರೂ ಫಲಕದ ಹಿಂದಿನಿಂದ ಹೊರತೆಗೆದು ಐಟಿಐ ವಿದ್ಯಾರ್ಥಿಗಳ ಕೈಗೆ ಕೊಡಬೇಕೆಂದು, ಲಿಬರೇಟರ್ ಕಾಲದ ಕೆಲಸವನ್ನು ಅವರಿಂದ ಕಲಿತು ಈಗ ನಿವೃತ್ತರಾಗಿರುವ ಕುಶಲಕರ್ಮಿಗಳನ್ನು ಕರೆಸಿ ಪಾಠ ಹೇಳಿಸಬೇಕೆಂದು ನಮ್ಮ ಒತ್ತಾಯ. ಆ ಶಿಷ್ಯರೂ ಈಗ ವೃದ್ಧರಾಗುತ್ತಿದ್ದಾರೆ. ಪ್ರಶ್ನೆ ಕೇಳಿದ ವಿದ್ಯಾರ್ಥಿಗೆ ಈ ಅರ್ಜಿಯ ಪ್ರತಿಯನ್ನು ಕಳುಹಿಸಿದ್ದೇನೆ; ಸಹಿ ಹಾಕುವುದೋ ಬಿಡುವುದೋ ಅವರಿಗೆ ಬಿಟ್ಟದ್ದು.