ಟಿವಿಗೆ ಮೈದಾನ, ರೇಡಿಯೋದ ಬಾಯಿಗೆ ಬೀಗ

ಮೊದಲು ಒಂದು ಹಳೆಯ ಲೆಕ್ಕ. 2021ರ ಜೂನ್ ತಿಂಗಳಲ್ಲಿ, ಸುದ್ದಿವಾಹಿನಿಗಳು ತಾವೇ ಕಟ್ಟಿಕೊಂಡ ಮಾನದಂಡ ಪ್ರಾಧಿಕಾರವು ಎರಡು ಕನ್ನಡ ಚಾನೆಲ್‌ಗಳಿಗೆ ದಂಡ ಹಾಕಿತು. ನ್ಯೂಸ್ 18 ಕನ್ನಡಕ್ಕೆ 1 ಲಕ್ಷ ರೂಪಾಯಿ, ಸುವರ್ಣ ನ್ಯೂಸ್‌ಗೆ 50 ಸಾವಿರ. ಹಿಂದಿನ ವರ್ಷದ ಲಾಕ್‌ಡೌನ್ ದಿನಗಳಲ್ಲಿ ಕೊರೋನಾ ಹರಡಿದ್ದನ್ನು ತಬ್ಲೀಗಿ ಜಮಾಅತ್‌ನ ತಲೆಗೆ ಕಟ್ಟಿ ಅವರು ಬಿತ್ತರಿಸಿದ ಕಾರ್ಯಕ್ರಮಗಳು ಇದಕ್ಕೆ ಕಾರಣ. ದೂರು ಕೊಟ್ಟದ್ದು ಬೆಂಗಳೂರಿನ ನಾಗರಿಕರ ಒಂದು ಗುಂಪು. ದಂಡದ ಮೊತ್ತ ಕೇಳಿ ನಗು ಬರಬಹುದು, ಒಂದೆರಡು ಜಾಹೀರಾತಿನ ದುಡ್ಡು ಅಷ್ಟೆ. ಆದರೆ ತಪ್ಪು ತಪ್ಪೇ ಎಂದು ಅವರದೇ ಮನೆಯ ಪಂಚಾಯಿತಿ ಬರೆದುಕೊಟ್ಟಿತು.

ಈ ಸಂಗತಿ ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು? ಪತ್ರಿಕೆ ಓದುವ ಕೆಲವರಿಗೆ ಗೊತ್ತು. ಆದರೆ ಆ ದಿನಗಳಲ್ಲಿ ತರಕಾರಿ ಗಾಡಿ ತಳ್ಳುವವನ ಹೆಸರು ಕೇಳಿ ಬೀದಿಯಿಂದ ಓಡಿಸಿದವರಿಗೆ ಗೊತ್ತೇ? ಊರಿನ ಬಾಗಿಲಲ್ಲಿ ನಿಂತು ಮುಸ್ಲಿಮರು ಬರಬಾರದು ಎಂದವರಿಗೆ ಗೊತ್ತೇ? 2020ರ ಆಗಸ್ಟ್‌ನಲ್ಲಿ ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠವು ವಿದೇಶಿ ತಬ್ಲೀಗಿಗಳ ಮೇಲಿನ ಮೊಕದ್ದಮೆಗಳನ್ನು ರದ್ದು ಮಾಡುತ್ತಾ, ಅವರನ್ನು ಹರಕೆಯ ಕುರಿ ಮಾಡಲಾಗಿದೆ ಎಂದಿತು. ಮಾಧ್ಯಮಗಳ ಅಪಪ್ರಚಾರವನ್ನೂ ಹೆಸರಿಸಿತು. 2025ರ ಜುಲೈನಲ್ಲಿ ದೆಹಲಿ ಹೈಕೋರ್ಟು, ತಬ್ಲೀಗಿಗಳಿಗೆ ಆಶ್ರಯ ಕೊಟ್ಟ ಆರೋಪ ಹೊತ್ತಿದ್ದ 70 ಮಂದಿ ಭಾರತೀಯರ ಮೇಲಿನ 16 ಪ್ರಕರಣಗಳನ್ನು ರದ್ದು ಮಾಡಿತು. ಐದು ವರ್ಷ! ಆರೋಪಕ್ಕೆ ಇಡೀ ದಿನದ ಚರ್ಚೆ, ಕೆಂಪು ಅಕ್ಷರ, ಡೋಲು, ಕಿರುಚಾಟ. ಬಿಡುಗಡೆಗೆ ಪರದೆಯ ಕೆಳಗೆ ಹರಿದುಹೋಗುವ ಒಂದು ಸಾಲು ಸಿಕ್ಕರೆ ಅದೇ ಹೆಚ್ಚು.

ಟಿವಿ ಸುಳ್ಳು ಹೇಳುತ್ತದೆ ಎಂದು ಟಿವಿಯೇ ಹೇಳುವುದಿಲ್ಲ. ಒಂದು ಚಾನೆಲಿನವನು ಇನ್ನೊಂದು ಚಾನೆಲಿನ ಹೆಸರೆತ್ತದಿರುವುದು ಅವರೊಳಗಿನ ಅಲಿಖಿತ ಒಪ್ಪಂದ. ಪತ್ರಿಕೆ ಹೇಳಬಹುದು, ಓದುವವನು ಓದಿಯಾನು. ಹಾಗಾದರೆ ಓದದವನಿಗೆ ಹೇಳುವವರು ಯಾರು? ಹೊಲಿಗೆ ಯಂತ್ರದ ಮುಂದೆ ಕೂತವನಿಗೆ, ಬೀಡಿ ಕಟ್ಟುವ ಹೆಂಗಸರಿಗೆ, ರಾತ್ರಿ ಲಾರಿ ಓಡಿಸುವವನಿಗೆ? ಇವರ ಕಣ್ಣಿಗೆ ಬಿಡುವಿಲ್ಲ, ಕಿವಿ ಖಾಲಿಯಿದೆ. ಇವರ ಮಾಧ್ಯಮ ರೇಡಿಯೋ. ಆ ರೇಡಿಯೋದ ಬಾಯಿಗೆ ನಮ್ಮ ದೇಶದಲ್ಲಿ ಕಾನೂನಿನ ಬೀಗ ಬಿದ್ದಿದೆ ಎಂಬುದೇ ನಮ್ಮ ತಕರಾರು.

ಬೇರೆಡೆ ಈ ಕೆಲಸ ನಡೆದಿದೆ. ಅಮೆರಿಕದ ಸಾರ್ವಜನಿಕ ರೇಡಿಯೋದ 'ಫ್ರೆಶ್ ಏರ್' ಎಂಬ ಕಾರ್ಯಕ್ರಮದಲ್ಲಿ ಡೇವಿಡ್ ಬಿಯಾಂಕುಲಿ ಎಂಬ ವಿಮರ್ಶಕರು 1980ರ ದಶಕದಿಂದ ಆರಂಭಿಸಿ ಮೂರು ದಶಕಕ್ಕೂ ಹೆಚ್ಚು ಕಾಲ ಟಿವಿಯ ಬಗ್ಗೆ ಮಾತಾಡಿದರು. ನ್ಯೂಯಾರ್ಕಿನ ಡಬ್ಲ್ಯುಎನ್‌ವೈಸಿ ಕೇಂದ್ರದ 'ಆನ್ ದ ಮೀಡಿಯಾ' ವಾರವಾರವೂ ಸುದ್ದಿ ಮಾಡುವವರನ್ನೇ ಸುದ್ದಿ ಮಾಡಿತು. ಟಿವಿಯನ್ನು ರೇಡಿಯೋದಲ್ಲಿ ವಿಮರ್ಶಿಸುವುದು ಮೊದಲಿಗೆ ವಿಚಿತ್ರವಾಗಿ ಕಾಣಬಹುದು. ಚಿತ್ರವೇ ಇಲ್ಲದ ಕಡೆ ಚಿತ್ರದ ಮಾತೇನು? ಆದರೆ ಒಂದು ಸಣ್ಣ ಪರೀಕ್ಷೆ ಮಾಡಿ ನೋಡಿ. ರಾತ್ರಿ ಒಂಬತ್ತರ ಚರ್ಚೆ ನಡೆಯುವಾಗ ಟಿವಿಗೆ ಬೆನ್ನು ಹಾಕಿ ಕುಳಿತು ಹತ್ತು ನಿಮಿಷ ಬರೀ ಕಿವಿಯಿಂದ ಕೇಳಿ. ಬೆಂಕಿಯ ಗ್ರಾಫಿಕ್ಸ್ ಇಲ್ಲ, ಆರು ಕಿಟಕಿಗಳಲ್ಲಿ ಆರು ಮುಖಗಳಿಲ್ಲ, ಪದೇ ಪದೇ ಸುತ್ತುವ ಟೋಪಿ ಗಡ್ಡಗಳ ಹಳೆಯ ದೃಶ್ಯವಿಲ್ಲ. ಉಳಿಯುವುದೇನು? ಒಂದು ಪ್ರಶ್ನೆಯ ಹದಿನೈದು ಪುನರಾವರ್ತನೆ. ಯಾರೂ ಯಾವ ಊರಿಗೂ ಹೋಗಿ ಯಾವುದನ್ನೂ ವಿಚಾರಿಸಿಲ್ಲ ಎಂಬುದು ಕಣ್ಣು ಮುಚ್ಚಿದಾಗ ಸ್ಪಷ್ಟವಾಗಿ ಕೇಳಿಸುತ್ತದೆ. ಒಬ್ಬ ಸಮರ್ಥ ವಿಮರ್ಶಕ ಆ ದನಿಯ ತುಣುಕನ್ನು ರೇಡಿಯೋದಲ್ಲಿ ಹಾಕಿ, ನಿನ್ನೆ ಇದೇ ನಿರೂಪಕ ಹೀಗೆ ಹೇಳಿದ್ದ, ಇಂದು ಪೊಲೀಸರು ಹೀಗೆ ಹೇಳಿದ್ದಾರೆ ಎಂದು ಎರಡೇ ಮಾತಲ್ಲಿ ತೋರಿಸಿದರೆ ಸಾಕು.

ನಮ್ಮಲ್ಲಿ ಅಂಥವರು ಹುಟ್ಟಿಲ್ಲವೆಂದಲ್ಲ. 2009ರಲ್ಲಿ ತೀರಿಕೊಂಡ ಅಮಿತಾ ಮಲಿಕ್ ದಶಕಗಳ ಕಾಲ ರೇಡಿಯೋ ಟಿವಿಗಳನ್ನು ಮುಲಾಜಿಲ್ಲದೆ ವಿಮರ್ಶಿಸಿದವರು. ಅವರು ಪಳಗಿದ್ದು ಆಕಾಶವಾಣಿಯಲ್ಲೇ. ಆದರೆ ಅವರ ವಿಮರ್ಶೆ ಬಂದದ್ದು ಇಂಗ್ಲಿಷ್ ಪತ್ರಿಕೆಗಳ ಅಂಕಣಗಳಲ್ಲಿ. ಕನ್ನಡದಲ್ಲಿ ಟಿವಿ ವಿಮರ್ಶೆ ಎಂದರೆ ಬಹುಮಟ್ಟಿಗೆ ಧಾರಾವಾಹಿಯ ನಾಯಕಿಯ ಸಂದರ್ಶನ.

ಈಗ ಕಾನೂನಿಗೆ ಬರೋಣ. 1995ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು, ಬಂಗಾಳದ ಕ್ರಿಕೆಟ್ ಸಂಸ್ಥೆಯ ಪ್ರಕರಣದಲ್ಲಿ, ವಾಯುತರಂಗಗಳು ಸಾರ್ವಜನಿಕ ಆಸ್ತಿ ಎಂದಿತು. ಸರ್ಕಾರ ಆ ತೀರ್ಪನ್ನು ಪಾಲಿಸಿದ ಬಗೆ ನೋಡಿ. ಟಿವಿಯಲ್ಲಿ ನೂರಾರು ಖಾಸಗಿ ಸುದ್ದಿವಾಹಿನಿಗಳಿಗೆ ಪರವಾನಗಿ ಸಿಕ್ಕಿತು. ರೇಡಿಯೋಕ್ಕೆ ಸಿಕ್ಕಿದ್ದು ಹಾಡು. ದೇಶದ ಮೊದಲ ಖಾಸಗಿ ಎಫ್‌ಎಂ 2001ರ ಜುಲೈನಲ್ಲಿ ನಮ್ಮ ಬೆಂಗಳೂರಿನಲ್ಲೇ ಆರಂಭವಾಯಿತು. ಅಂದಿನಿಂದಲೂ ಖಾಸಗಿ ಎಫ್‌ಎಂ ಸ್ವಂತ ಸುದ್ದಿ ಹೇಳುವಂತಿಲ್ಲ. 2011ರ ನೀತಿಯಲ್ಲಿ ಆಕಾಶವಾಣಿಯ ವಾರ್ತೆಯನ್ನು ಇದ್ದ ಹಾಗೆಯೇ, ಒಂದಕ್ಷರ ಬದಲಿಸದೆ ಪ್ರಸಾರ ಮಾಡಬಹುದು ಎಂದರು. ಸಮುದಾಯ ರೇಡಿಯೋಗೂ ಹೆಚ್ಚೂ ಕಡಿಮೆ ಇದೇ ಕಟ್ಟು. ಅದರ ಜೊತೆಗೆ 'ಸುದ್ದಿಯಲ್ಲ' ಎಂದು ಪರಿಗಣಿಸುವ ಸಂಗತಿಗಳ ಒಂದು ಪಟ್ಟಿ ಕೊಟ್ಟರು: ಹವಾಮಾನ, ಟ್ರಾಫಿಕ್, ಪರೀಕ್ಷಾ ಫಲಿತಾಂಶ, ಹಬ್ಬ ಹರಿದಿನ, ಉದ್ಯೋಗಾವಕಾಶ, ನೀರು ಕರೆಂಟಿನ ಪ್ರಕಟಣೆ.

ಅಂದರೆ ಫಲಿತಾಂಶ ಬಂತು ಎನ್ನಬಹುದು, ಪ್ರಶ್ನೆಪತ್ರಿಕೆ ಸೋರಿಕೆಯಾದದ್ದು ಹೇಗೆ ಎಂದು ಕೇಳುವಂತಿಲ್ಲ. ನಾಳೆ ನೀರಿಲ್ಲ ಎನ್ನಬಹುದು, ಯಾಕಿಲ್ಲ ಎಂದು ಕೆದಕುವಂತಿಲ್ಲ. ಇನ್ನೂ ತಮಾಷೆಯೆಂದರೆ, ಬೆಳಗಿನ ಜಾಕಿ ಬಿಗ್ ಬಾಸ್ ಮನೆಯ ಜಗಳದ ಬಗ್ಗೆ ಎರಡು ಗಂಟೆ ಹರಟಬಹುದು. ಅದು ಮನರಂಜನೆ. ಅದೇ ಜಾಕಿ ನಿನ್ನೆ ರಾತ್ರಿಯ ಸುದ್ದಿ ಚರ್ಚೆಯಲ್ಲಿ ಹೇಳಿದ ಒಂದು ಸುಳ್ಳನ್ನು ಎತ್ತಿ ತೋರಿಸಿದರೆ ಅದು ಪ್ರಚಲಿತ ವಿದ್ಯಮಾನ. ಪರವಾನಗಿಗೆ ಕುತ್ತು. ಸುಳ್ಳು ಹೇಳಲು ಪರವಾನಗಿ ಉಂಟು, ಸುಳ್ಳೆಂದು ಹೇಳಲು ಇಲ್ಲ.

ಸರ್ಕಾರದ ವಾದ ಭದ್ರತೆಯದ್ದು. ಇಷ್ಟೊಂದು ಕೇಂದ್ರಗಳನ್ನು ಕಣ್ಣಿಡುವುದು ಕಷ್ಟ, ದುಷ್ಟರ ಕೈಗೆ ಸಿಕ್ಕರೆ ಅಪಾಯ ಎನ್ನುತ್ತಾರೆ. ಈ ಭಯವನ್ನು ನಾವು ಹಗುರವಾಗಿ ತಳ್ಳಿಹಾಕುವುದಿಲ್ಲ. ರೇಡಿಯೋ ಏನು ಮಾಡಬಲ್ಲದು ಎಂಬುದಕ್ಕೆ ರುವಾಂಡಾ ಸಾಕ್ಷಿ. ಅಲ್ಲಿ 1993-94ರಲ್ಲಿ ಆರ್‌ಟಿಎಲ್‌ಎಂ ಎಂಬ ಕೇಂದ್ರ ಟುಟ್ಸಿ ಜನರನ್ನು ಜಿರಳೆಗಳೆಂದು ಕರೆಯಿತು, ಕೊಲ್ಲಲು ಕರೆ ಕೊಟ್ಟಿತು. 2003ರಲ್ಲಿ ಅಂತರರಾಷ್ಟ್ರೀಯ ನ್ಯಾಯಮಂಡಳಿ ಅದರ ಸ್ಥಾಪಕರನ್ನು ಅಪರಾಧಿಗಳೆಂದು ತೀರ್ಮಾನಿಸಿತು. ಅಮೆರಿಕದಲ್ಲಿಯೂ, ಎರಡೂ ಕಡೆಯ ಮಾತಿಗೆ ಜಾಗ ಕೊಡಬೇಕೆಂಬ ನಿಯಮವನ್ನು 1987ರಲ್ಲಿ ತೆಗೆದುಹಾಕಿದ ಮರುವರ್ಷವೇ ರಷ್ ಲಿಂಬಾ ಎಂಬಾತ ದೇಶವ್ಯಾಪಿ ಮಾತಿನ ರೇಡಿಯೋ ಶುರುಮಾಡಿ ಮೂವತ್ತು ವರ್ಷ ವಿಷ ಉಗುಳಿದ. ರೇಡಿಯೋ ಎಂದರೆ ಪುಣ್ಯಾತ್ಮರ ಸಭೆ ಎಂದು ನಾವು ವಾದಿಸುತ್ತಿಲ್ಲ. ದ್ವೇಷದ ಮಾತಿನಿಂದ ಮೊದಲು ಸುಡುವುದು ನಮ್ಮಂಥವರ ಮನೆಯೇ ಎಂಬುದೂ ಗೊತ್ತು.

ಆದರೆ ಈ ಭಯ ರೇಡಿಯೋ ಕಂಡಾಗ ಮಾತ್ರ ಯಾಕೆ ಬರುತ್ತದೆ? 2020ರ ಸೆಪ್ಟೆಂಬರ್‌ನಲ್ಲಿ ಸುದರ್ಶನ್ ಟಿವಿಯ ಕಾರ್ಯಕ್ರಮವೊಂದನ್ನು ಸುಪ್ರೀಂ ಕೋರ್ಟು ತಡೆಹಿಡಿಯಬೇಕಾಯಿತು. ಮುಸ್ಲಿಮ್ ಹುಡುಗರು ಯುಪಿಎಸ್‌ಸಿ ಪರೀಕ್ಷೆ ಪಾಸಾಗುವುದೇ ಒಂದು ಜಿಹಾದ್ ಎಂಬುದು ಅದರ ತಿರುಳು. ಸರ್ಕಾರ ಅದಕ್ಕೆ ಮೊದಲು ಪ್ರಸಾರಕ್ಕೆ ಅಡ್ಡಿ ಮಾಡಿರಲಿಲ್ಲ. ನ್ಯಾಯಾಲಯ ಎಚ್ಚೆತ್ತುಕೊಳ್ಳುವ ಹೊತ್ತಿಗೆ ಕೆಲವು ಕಂತುಗಳು ಹೊರಬಿದ್ದಿದ್ದವು. 2022ರ ಫೆಬ್ರವರಿಯಲ್ಲಿ ಕರ್ನಾಟಕದ ಶಾಲೆ ಕಾಲೇಜುಗಳ ಗೇಟಿನಲ್ಲಿ ಹೆಣ್ಣುಮಕ್ಕಳು, ಶಿಕ್ಷಕಿಯರು ಹಿಜಾಬ್ ಕಳಚುವುದನ್ನು ಕ್ಯಾಮೆರಾಗಳು ಮುತ್ತಿಕೊಂಡು ಚಿತ್ರೀಕರಿಸಿದವು. ಆಗ ಭದ್ರತೆ ಎಲ್ಲಿ ಮಲಗಿತ್ತು? ಕಣ್ಣಿಡುವುದು ಕಷ್ಟ ಎಂಬ ವಾದ ಟಿವಿಗೆ ಅನ್ವಯಿಸಲಿಲ್ಲವಲ್ಲ.

ನಮ್ಮ ಅನುಮಾನ ಬೇರೆ. ಟಿವಿ ದುಬಾರಿ ಮಾಧ್ಯಮ. ಅದನ್ನು ನಡೆಸುವವರು ಕೆಲವೇ ಕೆಲವರು, ಅವರಿಗೆ ಜಾಹೀರಾತು ಬೇಕು, ಅವರನ್ನು ಫೋನಿನಲ್ಲಿ ಮಾತಾಡಿಸಿ ಸರಿಪಡಿಸಬಹುದು. ರೇಡಿಯೋ ಅಗ್ಗ. ಯಾರು ಬೇಕಾದರೂ ನಡೆಸಿಯಾರು. ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ (ಹೈದರ್ ಅಲಿ ಹುಟ್ಟಿದ್ದು ಅಲ್ಲಿಯೇ ಎನ್ನುತ್ತಾರೆ) 'ನಮ್ಮ ಧ್ವನಿ' ಶುರುವಾದಾಗ ಹಳ್ಳಿಯ ಜನರಿಗೆ ಗಾಳಿಯಲ್ಲಿ ಮಾತಾಡಲು ಅನುಮತಿ ಇರಲಿಲ್ಲ. ಅವರು ತಮ್ಮ ದನಿಯನ್ನು ಟಿವಿಯ ಕೇಬಲ್ ತಂತಿಯಲ್ಲೇ ಹರಿಸಿದರು. ಗಾಳಿಗೆ ಬೇಲಿ, ತಂತಿಗೆ ಸ್ವಾತಂತ್ರ್ಯ.

'ಕಾಮನ್ ಕಾಸ್' ಸಂಸ್ಥೆ 2013ರಲ್ಲಿ ಈ ನಿಷೇಧವನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿತು. 2023ರ ಸೆಪ್ಟೆಂಬರ್‌ನಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್, ಖಾಸಗಿ ಎಫ್‌ಎಂ ಕೇಂದ್ರಗಳಿಗೆ ಗಂಟೆಗೆ 10 ನಿಮಿಷ ಸುದ್ದಿ ಮತ್ತು ಪ್ರಚಲಿತ ವಿಷಯಕ್ಕೆ ಅವಕಾಶ ಕೊಡಿ ಎಂದು ಶಿಫಾರಸು ಮಾಡಿತು. ಹತ್ತು ನಿಮಿಷ! ಅದೂ ಬರಲಿ, ಬೇಡವೆನ್ನುವುದಿಲ್ಲ. ಆದರೆ ದೊಡ್ಡ ಎಫ್‌ಎಂಗಳ ಒಡೆಯರು ಯಾರು? ಮಿರ್ಚಿಯ ಹಿಂದೆ ಟೈಮ್ಸ್ ಸಮೂಹ, ರೆಡ್ ಎಫ್‌ಎಂ ಹಿಂದೆ ಸನ್ ಸಮೂಹ. ತಮ್ಮದೇ ಮನೆಯ ಟಿವಿಯನ್ನು ಆ ರೇಡಿಯೋ ವಿಮರ್ಶಿಸುತ್ತದೆ ಎಂದು ನಂಬಲು ನಾವು ಮಕ್ಕಳಲ್ಲ. ಆದ್ದರಿಂದ ಬೀಗ ಮೊದಲು ಬಿಚ್ಚಬೇಕಾದ್ದು ಸಮುದಾಯ ರೇಡಿಯೋದ್ದು. ದ್ವೇಷದ ಮಾತಿಗೆ ಶಿಕ್ಷೆ ಇರಲಿ, ಕಠಿಣವಾಗಿಯೇ ಇರಲಿ. ರೇಡಿಯೋಕ್ಕೂ ಟಿವಿಗೂ ಒಂದೇ ಕೋಲು.

ಇನ್ನು ನಮ್ಮ ಮನೆಯ ಮಾತು. ಟಿವಿ ಬಂದ ಕಾಲದಲ್ಲಿ ನಮ್ಮ ಮೊಹಲ್ಲಾಗಳಲ್ಲಿ ಅದನ್ನು ಒಡೆದು ಹಾಕಿದ ಕತೆಗಳಿವೆ. ಹರಾಮ್ ಎಂದರು, ಸೈತಾನನ ಪೆಟ್ಟಿಗೆ ಎಂದರು. ಪೆಟ್ಟಿಗೆ ಒಡೆದವರ ಮಕ್ಕಳು ಇಂದು ಮೊಬೈಲಿನಲ್ಲಿ ಅದನ್ನೇ ನೋಡುತ್ತಿದ್ದಾರೆ, ಆದರೆ ನೋಡುವುದನ್ನು ಕಲಿಯಲಿಲ್ಲ. ಸುದ್ದಿ ತಂದವನ ಮಾತನ್ನು ಪರಿಶೀಲಿಸದೆ ನಂಬಬೇಡಿ ಎಂಬ ಕುರ್‌ಆನಿನ ಸೂಚನೆಯನ್ನು ಶುಕ್ರವಾರದ ಭಾಷಣದಲ್ಲಿ ಕೇಳಿ, ಹೊರಬಂದು ಚಪ್ಪಲಿ ಹಾಕಿಕೊಳ್ಳುವ ಮೊದಲೇ ಯಾವುದೋ ಸುಳ್ಳು ವಿಡಿಯೋವನ್ನು ಹತ್ತು ಜನರಿಗೆ ಕಳಿಸುತ್ತೇವೆ. ನಮ್ಮ ಟ್ರಸ್ಟುಗಳು ಶಾಲೆ ಕಟ್ಟಿದವು, ಇಂಜಿನಿಯರಿಂಗ್ ಕಾಲೇಜು ಕಟ್ಟಿದವು, ಶಾದಿಮಹಲ್‌ಗಳನ್ನು ಧಾರಾಳವಾಗಿ ಕಟ್ಟಿದವು. ಶಿಕ್ಷಣ ಸಂಸ್ಥೆಗಳಿಗೆ ಸಮುದಾಯ ರೇಡಿಯೋ ನಡೆಸುವ ಅವಕಾಶ ತೆರೆದದ್ದು 2000ದ ದಶಕದ ಆರಂಭದಲ್ಲಿ. 2006ರಲ್ಲಿ ಸ್ವಯಂಸೇವಾ ಸಂಸ್ಥೆಗಳಿಗೂ ತೆರೆಯಿತು. ಎಷ್ಟು ಟ್ರಸ್ಟಿನ ಸಭೆಗಳಲ್ಲಿ ಈ ವಿಷಯ ಒಮ್ಮೆಯಾದರೂ ಬಂದಿದೆ? ಮಾಧ್ಯಮ ನಮ್ಮ ವಿರುದ್ಧವಿದೆ ಎಂದು ನಮ್ಮವರಿಗೇ ಹೇಳಿಕೊಂಡು ಸಮಾಧಾನಪಡುವುದು ನಮಗೆ ರೂಢಿಯಾಗಿಬಿಟ್ಟಿದೆ. ಈ ಲೇಖನವೂ ಬಹುಪಾಲು ಅಂಥವರ ಕೈಗೇ ತಲುಪುತ್ತದೆ ಎಂಬುದು ಬರೆಯುವಾಗ ನಮಗೆ ಗೊತ್ತಿದೆ.

ಯೂಟ್ಯೂಬ್ ಇದೆಯಲ್ಲ, ಅಲ್ಲಿ ಟಿವಿಯನ್ನು ಬೇಕಾದಷ್ಟು ಬೈಯುತ್ತಾರೆ ಎನ್ನುವವರಿದ್ದಾರೆ. ಹೌದು, ಒಳ್ಳೆಯ ಕೆಲಸ ಮಾಡುವವರಿದ್ದಾರೆ. ಆದರೆ ಅಲ್ಲಿ ಹುಡುಕಿಕೊಂಡು ಹೋದವನಿಗೆ ಸಿಗುತ್ತದೆ. ತರಕಾರಿಯವನನ್ನು ಓಡಿಸಿದವನು ಅದನ್ನು ಹುಡುಕುವುದಿಲ್ಲ. ರೇಡಿಯೋ ಹಾಗಲ್ಲ. ಹಾಡು ಮುಗಿದ ಮೇಲೆ ಮಾತು ತಾನಾಗಿ ಬರುತ್ತದೆ, ಕೈ ಕೆಲಸದಲ್ಲಿರುವವನು ಕೇಳಿಸಿಕೊಳ್ಳುತ್ತಾನೆ.

ಸದ್ಯಕ್ಕೆ ಒಂದು ಕೆಲಸ ಮಾಡಬಹುದು. ರಾಜ್ಯದ ಯಾವುದಾದರೂ ಸಮುದಾಯ ರೇಡಿಯೋ ವಾರಕ್ಕೆ ಅರ್ಧ ಗಂಟೆ 'ಟಿವಿ ನೋಡುವುದು ಹೇಗೆ' ಎಂಬ ಕಾರ್ಯಕ್ರಮ ಆರಂಭಿಸಲಿ. ಮೊದಲ ಕಂತಿನಲ್ಲಿ 2021ರ ಆ ದಂಡದ ಆದೇಶವನ್ನೂ 2020ರ ಔರಂಗಾಬಾದ್ ತೀರ್ಪನ್ನೂ ಕನ್ನಡದಲ್ಲಿ ಓದಲಿ. ವರ್ಷಗಳಷ್ಟು ಹಳೆಯ ಆದೇಶ ಸುದ್ದಿಯೇ, ಪ್ರಚಲಿತ ವಿದ್ಯಮಾನವೇ, ಶಿಕ್ಷಣವೇ ಎಂಬುದನ್ನು ದೆಹಲಿಯ ಸಚಿವಾಲಯ ತೀರ್ಮಾನಿಸಲಿ. ಹಾಗೆ ಓದುವ ಕೇಂದ್ರಕ್ಕೆ ಅನುವಾದ ನಾವು ಮಾಡಿಕೊಡುತ್ತೇವೆ, ನೋಟಿಸು ಬಂದರೆ ಅದನ್ನೂ ಇದೇ ಪುಟಗಳಲ್ಲಿ ಅಚ್ಚು ಹಾಕುತ್ತೇವೆ.