ಬೋರ್ಡಿನ ಮೇಲೆ 60 ಭಾಗ ಕನ್ನಡ, ಕಂಪ್ಯೂಟರಿನ ಹೊಟ್ಟೆಯೊಳಗೆ?

ಹೆಬ್ಬಾಳ ಫ್ಲೈಓವರಿನ ಮೇಲೆ ದಿನಾ ಬೆಳಿಗ್ಗೆ ಸಿಕ್ಕಿಹಾಕಿಕೊಳ್ಳುವ ಕನ್ನಡದ ತಮ್ಮಂದಿರೇ, ತಂಗಿಯರೇ! ಮಾನ್ಯತಾ ಟೆಕ್ ಪಾರ್ಕಿನ ಗೇಟಿನಲ್ಲಿ ಕೊರಳಿನ ಕಾರ್ಡು ತೋರಿಸಿ ಒಳಗೆ ಹೋಗುವವರೇ! ನಿಮಗೊಂದು ನೇರ ಪ್ರಶ್ನೆ. ನವೆಂಬರ್ ಒಂದರಂದು ಅರಿಶಿನ ಕುಂಕುಮದ ಬಾವುಟ ಹಿಡಿದು ಜೈಕಾರ ಹಾಕುತ್ತೀರಿ, ಸಂತೋಷ. ಉಳಿದ ದಿನಗಳಲ್ಲಿ ಯಾವ ದೇಶದ ಬ್ಯಾಂಕಿಗೋ, ಯಾವ ದೇಶದ ಅಂಗಡಿಗೋ ಸಾಫ್ಟ್‌ವೇರ್ ಲೈಬ್ರರಿ ಕಟ್ಟಿ, ಪ್ಯಾಕೇಜ್ ಮಾಡಿ ಒಪ್ಪಿಸುತ್ತೀರಿ. ಅದೂ ಸರಿ, ಹೊಟ್ಟೆಪಾಡು. ಆದರೆ ಕನ್ನಡಕ್ಕೆಂದು ಒಂದೇ ಒಂದು ಪ್ಯಾಕೇಜನ್ನು ನಿಮ್ಮ ಕೈಯಾರೆ ಬರೆದಿದ್ದೀರಾ?

ಬರೆದವರಿದ್ದರೆ ಅವರಿಗೆ ನನ್ನ ನಮಸ್ಕಾರ. ಬರೆಯದವರು ಮುಂದೆ ಓದಿ.

ಬೋರ್ಡು ಗೆದ್ದೆವು, ಒತ್ತಕ್ಷರ ಸೋತೆವು

2023ರ ಡಿಸೆಂಬರ್ 27 ಮರೆತಿಲ್ಲ ತಾನೇ? ನಮ್ಮ ಯಲಹಂಕದಾಚೆಯ ಸಾದಹಳ್ಳಿ ಗೇಟಿನಿಂದ ಕರ್ನಾಟಕ ರಕ್ಷಣಾ ವೇದಿಕೆಯ ಕಾರ್ಯಕರ್ತರು ಹೊರಟರು. ಇಂಗ್ಲಿಷ್ ಬೋರ್ಡುಗಳು ಉರುಳಿದವು, ನಾರಾಯಣಗೌಡರೂ ಸಂಗಡಿಗರೂ ಜೈಲಿಗೆ ಹೋದರು. ಸರ್ಕಾರಕ್ಕೆ ಬಿಸಿ ಮುಟ್ಟಿತು. 2024ರಲ್ಲಿ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಗೆ ತಿದ್ದುಪಡಿ ಬಂತು. ನಾಮಫಲಕದಲ್ಲಿ 60 ಭಾಗ ಕನ್ನಡ, ಅದೂ ಮೇಲ್ಗಡೆ. ಬೀದಿಯಲ್ಲಿ ನಿಂತು ಗೆದ್ದ ಗೆಲುವು ಅದು, ಯಾರೂ ಭಿಕ್ಷೆ ಹಾಕಿದ್ದಲ್ಲ.

ಈಗ ಆ ಬೋರ್ಡುಗಳನ್ನು ಹತ್ತಿರ ಹೋಗಿ ನೋಡಿ. ಆರ್.ಟಿ. ನಗರದ ಮುಖ್ಯರಸ್ತೆಯಲ್ಲಿ ನೋಡಿ, ಯಶವಂತಪುರ ಸರ್ಕಲ್ಲಿನಲ್ಲಿ ನೋಡಿ. ಅಕ್ಷರದ ಕೆಳಗೆ ಕೂರಬೇಕಾದ ಒತ್ತು ಪಕ್ಕಕ್ಕೆ ಬಂದು ನಿಂತಿದೆ. ದೀರ್ಘ ಕಿತ್ತುಕೊಂಡು ಬಂದಿದೆ. ಗುಣಿತದ ಜಾಗದಲ್ಲಿ ಚುಕ್ಕಿಚುಕ್ಕಿಯ ಒಂದು ವೃತ್ತ! ಫ್ಲೆಕ್ಸ್ ಅಂಗಡಿಯವನನ್ನು ಬೈದು ಉಪಯೋಗವಿಲ್ಲ. ಅವನ ಮಿಷನ್ನಿಗೆ ಬಂದ ಫೈಲಿನಲ್ಲೇ ಕನ್ನಡ ಮುರಿದಿತ್ತು.

ಯಾಕೆ ಮುರಿಯಿತು? ಅಚ್ಚಿನವನಾಗಿ ಹೇಳುತ್ತೇನೆ, ಕೇಳಿ. 1991ರಲ್ಲಿ ಯೂನಿಕೋಡ್ ಬಂದಾಗ ಕನ್ನಡಕ್ಕೆ 128 ಮನೆ ಕೊಟ್ಟರು. ಆ ಮನೆಗಳಲ್ಲಿ ಒತ್ತಕ್ಷರಕ್ಕೆಂದು ಬೇರೆ ಮನೆಯಿಲ್ಲ. ವ್ಯಂಜನ, ಅದರ ಮುಂದೊಂದು ವಿರಾಮ, ಮತ್ತೊಂದು ವ್ಯಂಜನ ಎಂದು ಸಾಲಾಗಿ ಬರೆದಿಡುತ್ತಾರೆ. ಆ ಸಾಲನ್ನು ನೋಡಿ 'ಇಲ್ಲಿ ಒತ್ತು ಕೆಳಗೆ ಹೋಗಬೇಕು, ಇಲ್ಲಿ ಅರ್ಕಾವತ್ತು ಬಲಕ್ಕೆ ಬರಬೇಕು' ಎಂದು ಜೋಡಿಸಲು ಒಬ್ಬ ಕಂಪೋಸಿಟರ್ ಬೇಕು. ಹಿಂದೆ ನಮ್ಮಲ್ಲಿ ಆ ಕೆಲಸವನ್ನು ಮೊಳೆ ಜೋಡಿಸುವವನ ಬೆರಳು ಮಾಡುತ್ತಿತ್ತು. ಈಗ ಒಂದು ಲೈಬ್ರರಿ ಮಾಡುತ್ತದೆ. ಅದರ ಹೆಸರು ಹಾರ್ಫ್‌ಬಜ್. ಇರಾನಿನಲ್ಲಿ ಹುಟ್ಟಿದ ಬೆಹದಾದ್ ಎಸ್ಫಹ್ಬೋದ್ ಕಟ್ಟಿ ಬೆಳೆಸಿದ್ದು. ಹೆಸರೂ ಪಾರ್ಸಿ ಭಾಷೆಯದೇ, 'ತೆರೆದ ಅಕ್ಷರ' ಎಂಬ ಅರ್ಥದ್ದು. ನಿಮ್ಮ ಆಂಡ್ರಾಯ್ಡ್ ಫೋನಿನಲ್ಲಿ, ಕ್ರೋಮ್‌ನಲ್ಲಿ, ಫೈರ್‌ಫಾಕ್ಸ್‌ನಲ್ಲಿ ಕನ್ನಡ ನೆಟ್ಟಗೆ ಕಾಣುತ್ತಿದ್ದರೆ ಅದರ ಹಿಂದೆ ಈ ಲೈಬ್ರರಿ ಇದೆ. ಇಂಥ ಲೈಬ್ರರಿಯ ಸಹಾಯವಿಲ್ಲದ ಹಳೆಯ ಪ್ರೋಗ್ರಾಮಿಗೆ ಯೂನಿಕೋಡ್ ಕನ್ನಡ ಕೊಟ್ಟರೆ ಒತ್ತು ಜಾರುತ್ತದೆ. 'ರ‍್ಯಾಂಕ್' ಎಂದು ಬರೆಯಲು ಹೋದರೆ 'ರ್ಯಾಂಕ್' ಆಗಿ ಕೂರುತ್ತದೆ.

ಅಂದಮೇಲೆ ಕನ್ನಡದ ಮಾನ ಬರೀ ಬೋರ್ಡಿನ ಅಳತೆಯಲ್ಲಿಲ್ಲ. ಯಾವ ಲೈಬ್ರರಿ, ಯಾವ ಆವೃತ್ತಿ, ಯಾವ ಫಾಂಟು, ಯಾರ ಪರವಾನಗಿ ಎಂಬ ನಾಲ್ಕು ಮಾತಿನಲ್ಲಿದೆ. ಈ ನಾಲ್ಕು ಮಾತನ್ನು ಬರೆದಿಡುವುದಕ್ಕೇ 'ಪ್ಯಾಕೇಜನ್ನು ವಿವರಿಸುವುದು' ಎನ್ನುತ್ತಾರೆ.

ಪ್ಯಾಕೇಜ್ ಅಂದರೆ ಜಾಬ್ ಕಾರ್ಡ್

'ಪಿಯುಸಿ ಓದಿದ ಪ್ರೆಸ್ಸಿನವನು ನಮಗೆ ಸಾಫ್ಟ್‌ವೇರ್ ಹೇಳಿಕೊಡುತ್ತಾನೆ' ಎಂದು ನಗಬೇಡಿ. ನೀವು ಲ್ಯಾಪ್‌ಟಾಪಿನಲ್ಲಿ ಬರೆಯುವುದನ್ನು ನಾವು ದಿನಾ ರಟ್ಟಿನ ಮೇಲೆ ಬರೆಯುತ್ತೇವೆ.

ಪ್ರೆಸ್ಸಿಗೆ ಒಂದು ಕೆಲಸ ಬಂದರೆ ಜಾಬ್ ಕಾರ್ಡ್ ಬರೆಯುತ್ತೇವೆ. ಯಾವ ಕಾಗದ, ಎಷ್ಟು ಜಿಎಸ್‌ಎಂ, ಯಾವ ಇಂಕು, ಯಾವ ಪ್ಲೇಟು, ಬೈಂಡಿಂಗ್ ಯಾವುದು, ಪ್ರೂಫ್ ನೋಡಿದವರು ಯಾರು. ಕಾರ್ಡು ಸರಿಯಾಗಿದ್ದರೆ ನಾನಿಲ್ಲದ ದಿನವೂ ಮಿಷನ್‌ಮನ್ ಅದೇ ಪುಸ್ತಕವನ್ನು ಅದೇ ರೀತಿ ತೆಗೆಯುತ್ತಾನೆ. 'ಆ ಬಿಳಿ ಕಾಗದ, ಹೋದ ಸಲ ಹಾಕಿದ್ದೆವಲ್ಲ ಅದು' ಎಂದು ಬರೆದರೆ ಕೆಲಸ ಕೆಟ್ಟಿತು.

ನಿಕ್ಸ್, ಗಿಕ್ಸ್ ಎಂಬ ಎರಡು ಫಂಕ್ಷನಲ್ ಪ್ಯಾಕೇಜ್ ಮ್ಯಾನೇಜರುಗಳಿವೆ. ನಿಕ್ಸ್ ಅನ್ನು ನೆದರ್‌ಲೆಂಡ್ಸ್‌ನ ಎಲ್ಕೋ ಡೊಲ್‌ಸ್ಟ್ರಾ 2003ರಲ್ಲಿ ಶುರುಮಾಡಿದರು. 2006ರಲ್ಲಿ ಉಟ್ರೆಕ್ಟ್ ವಿಶ್ವವಿದ್ಯಾಲಯದಲ್ಲಿ ಇದೇ ವಿಷಯಕ್ಕೆ ಡಾಕ್ಟರೇಟ್ ಪಡೆದರು. ಗಿಕ್ಸ್ ಅನ್ನು ಫ್ರಾನ್ಸಿನ ಲುಡೊವಿಕ್ ಕೂರ್ಟೆಸ್ 2012ರಲ್ಲಿ ಹೊರತಂದರು. ಇವುಗಳಲ್ಲಿ ಒಂದೊಂದು ಸಾಫ್ಟ್‌ವೇರಿಗೂ ಒಂದೊಂದು ಜಾಬ್ ಕಾರ್ಡು. ಹೆಸರು, ಆವೃತ್ತಿ, ಮೂಲ ಸಂಕೇತ ಸಿಗುವ ವಿಳಾಸ, ಆ ಮೂಲದ ಬೆರಳಚ್ಚು, ಕಟ್ಟುವ ವಿಧಾನ, ಕಟ್ಟಲು ಬೇಕಾದ ಇತರ ಪ್ಯಾಕೇಜುಗಳು, ಎರಡು ಸಾಲು ವಿವರಣೆ, ಪರವಾನಗಿ. ಅಷ್ಟೇ!

ಬೆರಳಚ್ಚು ಎಂದರೆ ಹ್ಯಾಶ್. ಮೂಲದಲ್ಲಿ ಒಂದು ಅಲ್ಪವಿರಾಮ ಬದಲಾದರೂ ಬೆರಳಚ್ಚು ಬದಲಾಗುತ್ತದೆ, ಮ್ಯಾನೇಜರು 'ಇದು ಆ ಮಾಲಲ್ಲ' ಎಂದು ಬಾಗಿಲಲ್ಲೇ ತಡೆಯುತ್ತದೆ. 'ಬೇಕಾದ ಇತರ ಪ್ಯಾಕೇಜು'ಗಳನ್ನಂತೂ ಒಂದೂ ಬಿಡದೆ ಬರೆಯಬೇಕು. ಹಾರ್ಫ್‌ಬಜ್ ಕಾರ್ಡಿನಲ್ಲಿ ಫ್ರೀಟೈಪ್, ಐಸಿಯು, ಜಿಲಿಬ್ ಎಂಬ ಲೈಬ್ರರಿಗಳ ಹೆಸರಿದ್ದರೆ ಅವುಗಳಿಗೂ ಅವುಗಳದೇ ಕಾರ್ಡು ಇರಬೇಕು. ಕಟ್ಟುವ ಕೋಣೆಯೊಳಗೆ ಕಾರ್ಡಿನಲ್ಲಿ ಬರೆಯದ ಲೈಬ್ರರಿ ಯಾವುದೂ ಕಾಣುವುದೇ ಇಲ್ಲ. ಕದ್ದುಮುಚ್ಚಿ ಪಕ್ಕದ ಕಪಾಟಿನಿಂದ ಇಂಕು ಎರವಲು ತರುವಂತಿಲ್ಲ!

ಇದನ್ನು ಫಂಕ್ಷನಲ್ ಎನ್ನುವುದು ಯಾಕೆ? ಲೆಕ್ಕದ ಮೇಷ್ಟರು ಹೇಳುತ್ತಿದ್ದ ಫಂಕ್ಷನ್ನೇ ಇದು. ಒಳಗೆ ಹಾಕಿದ್ದು ಒಂದೇ ಆದರೆ ಹೊರಗೆ ಬರುವುದೂ ಒಂದೇ. ಕಟ್ಟಿದ ಮಾಲನ್ನು ಗೋದಾಮಿನಲ್ಲಿ 32 ಅಕ್ಷರದ ಗುರುತಿನ ಜೊತೆ ಇಡುತ್ತದೆ, ಇಟ್ಟದ್ದನ್ನು ತಿದ್ದುವುದಿಲ್ಲ. ಹೊಸ ಆವೃತ್ತಿ ಬಂದರೆ ಹೊಸ ಗುರುತು, ಹೊಸ ಕಪಾಟು. ಹಳೆಯದೂ ಹೊಸದೂ ಅಕ್ಕಪಕ್ಕ ಜಗಳವಿಲ್ಲದೆ ಇರುತ್ತವೆ. ಹೊಸದು ಕೆಟ್ಟರೆ ಒಂದು ಆಜ್ಞೆ, ಹಿಂದಿನದಕ್ಕೆ ವಾಪಸ್. ಗಿಕ್ಸ್‌ನಲ್ಲಿ 'ಟೈಂ ಮಷಿನ್' ಎಂಬ ಆಜ್ಞೆಯೇ ಇದೆ: ಹಿಂದಿನ ಒಂದು ದಿನದ ಕಾರ್ಡುಗಳನ್ನೆಲ್ಲ ಹೊರಗೆ ತೆಗೆದು ಅಂದಿನ ಸಾಫ್ಟ್‌ವೇರನ್ನು ಮತ್ತೆ ಕಟ್ಟಿಕೊಡುತ್ತದೆ.

ಅಚ್ಚಿನವನಿಗೆ ಇದರ ಬೆಲೆ ಗೊತ್ತು. ಸಾಲು ಮುರಿಯುವ ಲೆಕ್ಕ ಒಂದು ಕೂದಲು ಬದಲಾದರೆ 300 ಪುಟದ ಪುಸ್ತಕದಲ್ಲಿ ಅಧ್ಯಾಯವೆಲ್ಲ ಜರುಗುತ್ತದೆ, ಪರಿವಿಡಿಯ ಪುಟಸಂಖ್ಯೆ ಸುಳ್ಳಾಗುತ್ತದೆ. ಅದೇ ಫಾಂಟು, ಅದೇ ಲೈಬ್ರರಿ, ಅದೇ ಆವೃತ್ತಿ ಮತ್ತೆ ಸಿಕ್ಕಿದರೆ ಮಾತ್ರ ಮರುಮುದ್ರಣ ಮೊದಲಿನಂತೆ ಬರುತ್ತದೆ.

ಸತ್ತುಹೋದ ಪುಸ್ತಕಗಳ ಲೆಕ್ಕ ಯಾರು ಕೊಡುತ್ತಾರೆ?

ಕಾರ್ಡು ಇಲ್ಲದಿದ್ದರೆ ಏನಾಗುತ್ತದೆ? ನಮ್ಮ ಪ್ರೆಸ್ಸಿಗೆ ಒಮ್ಮೆ ಒಬ್ಬ ನಿವೃತ್ತ ಮೇಷ್ಟರು ಸಿಡಿ ತಂದರು. 1990ರ ದಶಕದ ಕೊನೆಯಲ್ಲಿ ಡಿಟಿಪಿ ಮಾಡಿಸಿದ್ದ ಅವರ ಪುಸ್ತಕ, ಎರಡನೇ ಮುದ್ರಣ ಬೇಕು. ಫೈಲು ತೆರೆದರೆ ಪರದೆಯ ತುಂಬ ಸೊಟ್ಟಸೊಟ್ಟ ಇಂಗ್ಲಿಷ್ ಅಕ್ಷರ. ಆ ಕಾಲದ ಫಾಂಟುಗಳು ಇಂಗ್ಲಿಷಿನ ಮನೆಗಳಲ್ಲಿ ಕನ್ನಡದ ಚೂರುಗಳನ್ನು ಕೂರಿಸುತ್ತಿದ್ದವು, ಒಬ್ಬೊಬ್ಬರದು ಒಂದೊಂದು ಜೋಡಣೆ. ಇದನ್ನು ತೆರೆಯಬೇಕಾದ ತಂತ್ರಾಂಶಕ್ಕೆ ಡಾಂಗಲ್ ಬೀಗ. ಡಾಂಗಲ್ ಕೆಟ್ಟಿದೆ, ಮಾರಿದ ಕಂಪನಿ ಅಂಗಡಿ ಮುಚ್ಚಿದೆ. ಮೂಲ ಸಂಕೇತ ಯಾರ ಬಳಿಯೂ ಇಲ್ಲ. 240 ಪುಟವನ್ನು ಮೊದಲಿನಿಂದ ಕೀಲಿಸಿದೆವು. ಆ ಮೇಷ್ಟರಿಗೆ ಕೊಡಲು ದುಡ್ಡಿತ್ತು. ದುಡ್ಡಿಲ್ಲದವರ ಪುಸ್ತಕ ಸಿಡಿಯಲ್ಲೇ ಸಮಾಧಿಯಾಯಿತು.

ಹಳೆಯ ಜೋಡಣೆಯನ್ನು ಪ್ಯಾಕೇಜ್ ಮ್ಯಾನೇಜರು ಮಂತ್ರ ಹಾಕಿ ಯೂನಿಕೋಡ್ ಮಾಡುತ್ತದೆ ಎಂದು ನಾನು ಹೇಳುತ್ತಿಲ್ಲ. ಆದರೆ ಅಂದೇ ಆ ತಂತ್ರಾಂಶದ ಮೂಲ ತೆರೆದಿದ್ದು, ಅದಕ್ಕೊಂದು ಕಾರ್ಡು ಬರೆದಿಟ್ಟಿದ್ದರೆ ಇಂದು ಅದನ್ನು ಮತ್ತೆ ಕಟ್ಟಬಹುದಿತ್ತು, ಅಕ್ಷರದ ಪಟ್ಟಿ ಓದಿ ಪರಿವರ್ತಕ ಬರೆಯಬಹುದಿತ್ತು. ಬೀಗ ಹಾಕಿದವನು ಸತ್ತರೆ ಬೀಗದೊಳಗಿನ ಕನ್ನಡವೂ ಸಾಯಬೇಕೆ?

ಒಂದು ಕಾರ್ಡು ಏನು ಮಾಡೀತು? ಕಗಪವನ್ನು ನೋಡಿ!

ಕೆ.ಪಿ. ರಾವ್ ಅವರ ವಿನ್ಯಾಸದಿಂದ ಬೆಳೆದ ಕೀಲಿಮಣೆಯನ್ನು ಕನ್ನಡ ಗಣಕ ಪರಿಷತ್ತು ನಾಡಿಗೆ ಹಂಚಿತು. ಆ ಜೋಡಣೆ ಲಿನಕ್ಸಿನ ಕೀಲಿಮಣೆಗಳ ಸಾರ್ವಜನಿಕ ಪ್ಯಾಕೇಜಿನೊಳಗೆ ಸೇರಿಕೊಂಡಿತು. ಇವತ್ತು ಯಾವ ದೇಶದಲ್ಲಿ ಲಿನಕ್ಸ್ ತೆರೆದು ಕೀಲಿಮಣೆಯ ಪಟ್ಟಿ ನೋಡಿದರೂ 'ಕನ್ನಡ, ಕಗಪ' ಎಂದಿದೆ. ಅಷ್ಟೇ ಅಲ್ಲ. 'ಹಿಂದಿ, ಕಗಪ' ಇದೆ. 'ಮರಾಠಿ, ಕಗಪ', 'ಸಂಸ್ಕೃತ, ಕಗಪ', 'ತೆಲುಗು, ಕಗಪ' ಇವೆ! ಹಿಂದಿ ಹೇರಿಕೆ ಎಂದು ನಾವು ಬೀದಿಗಿಳಿಯುತ್ತೇವೆ. ಇಲ್ಲಿ ಯಾರೂ ಯಾರ ಮೇಲೂ ಹೇರದೆ, ಹಿಂದಿಯೇ ಕನ್ನಡದ ಸಂಸ್ಥೆಯ ಹೆಸರು ಹೊತ್ತು ನಿಂತಿದೆ. ಸಾರ್ವಜನಿಕ ಗೋದಾಮಿಗೆ ಒಮ್ಮೆ ಸರಿಯಾಗಿ ಸೇರಿದ ಕೆಲಸಕ್ಕೆ ಇಷ್ಟು ಶಕ್ತಿ.

ಗುಬ್ಬಿ, ನವಿಲು ಎಂಬ ಎರಡು ಮುಕ್ತ ಫಾಂಟುಗಳು ಕನ್ನಡಿಗರ ಕೈಯಲ್ಲೇ ಹುಟ್ಟಿದವು. ಡೆಬಿಯನ್ ಗೋದಾಮಿನಲ್ಲೂ ಇವೆ, ನಿಕ್ಸ್ ಗೋದಾಮಿನಲ್ಲೂ ಇವೆ. ಶೇಷಾದ್ರಿವಾಸು 1998ರಲ್ಲಿ 'ಬರಹ' ಕೊಟ್ಟರು. ಪೂರ್ಣಚಂದ್ರ ತೇಜಸ್ವಿಯವರು ಕೊನೆಗಾಲದವರೆಗೂ ಕನ್ನಡ ತಂತ್ರಾಂಶಕ್ಕಾಗಿ ಹಟ ಹಿಡಿದರು. ನಾವು ದಿಕ್ಕಿಲ್ಲದವರಲ್ಲ.

ಆದರೂ ಉಳಿದ ಕಾರ್ಡುಗಳನ್ನು ಬರೆದವರು ಯಾರು? 1843ರಲ್ಲಿ 'ಮಂಗಳೂರ ಸಮಾಚಾರ'ವನ್ನು ಕಲ್ಲಚ್ಚಿನಲ್ಲಿ ತೆಗೆದವರು ಜರ್ಮನಿಯ ಮೋಗ್ಲಿಂಗ್. 1894ರಲ್ಲಿ ನಿಘಂಟು ಕೊಟ್ಟವರು ಜರ್ಮನಿಯ ಕಿಟೆಲ್. ಅದು ಹಳೆಯ ಮಾತಾಯಿತು ಎನ್ನುತ್ತೀರಾ? ಈ ಕಾಲದಲ್ಲೂ ಕನ್ನಡ ಪದವನ್ನು ಸಾಲಿನ ಕೊನೆಯಲ್ಲಿ ಎಲ್ಲಿ ಮುರಿಯಬೇಕೆಂಬ ನಿಯಮವನ್ನು ಕಂಪ್ಯೂಟರಿಗೆ ಬರೆದುಕೊಟ್ಟವರು ಕೇರಳದ ಸಂತೋಷ್ ತೊಟ್ಟಿಂಗಲ್. 'ಬಾಲೂ ತಮ್ಮ' ಎಂಬ ಕನ್ನಡ ಫಾಂಟು ಮುಂಬೈನ ಏಕ್ ಟೈಪ್‌ನವರದು. ಇವರಿಗೆಲ್ಲ ಕೈಮುಗಿಯುತ್ತೇನೆ. ನಾಚಿಕೆ ಆಗಬೇಕಾದ್ದು ಅವರಿಗಲ್ಲ, ನಮಗೆ!

ಮಲಯಾಳಿಗಳನ್ನು ನೋಡಿ ಕಲಿಯಿರಿ. ಅವರ 'ಸ್ವತಂತ್ರ ಮಲಯಾಳಂ ಕಂಪ್ಯೂಟಿಂಗ್' 2002ರಲ್ಲಿ ಶುರುವಾದದ್ದು. ಮಂಜರಿ, ಮೀರಾ, ರಚನಾ, ಚಿಲಂಕಾ ಎಂದು ಫಾಂಟುಗಳ ಸಾಲನ್ನೇ ಕಟ್ಟಿ, ಪರವಾನಗಿ ಬರೆದು, ಒಂದೊಂದಕ್ಕೂ ಪ್ಯಾಕೇಜ್ ಮಾಡಿ ಗೋದಾಮಿಗೆ ಸೇರಿಸಿದ್ದಾರೆ. ಅವರ ಊರಿನಲ್ಲಿ ಮಾನ್ಯತಾ ಇಲ್ಲ. ನಮ್ಮ ಊರಿನಲ್ಲಿದೆ.

'ಗೂಗಲ್ ಇದೆಯಲ್ಲ ಸಾರ್!'

ಇದು ನಿಮ್ಮ ಮಾಮೂಲಿ ಉತ್ತರ. ಗೂಗಲ್ ಕೊಟ್ಟ ನೋಟೋ ಫಾಂಟು ಒಳ್ಳೆಯದೇ, ಮುಕ್ತವೂ ಹೌದು. ಆದರೆ 2021ರ ಜೂನ್ ನೆನಪು ಮಾಡಿಕೊಳ್ಳಿ. ಭಾರತದ ಅತಿ ಕೊಳಕು ಭಾಷೆ ಯಾವುದು ಎಂದು ಕೇಳಿದವರಿಗೆ ಅದೇ ಗೂಗಲ್ ಕನ್ನಡವೆಂದು ತೋರಿಸಿತು. ನಾಡೆಲ್ಲ ಕುದಿಯಿತು, ಕಂಪನಿ ಕ್ಷಮೆ ಕೇಳಿತು. ನಾವು ಗೆದ್ದೆವೆಂದು ಮಲಗಿದೆವು. ಮರುದಿನ ಬೆಳಿಗ್ಗೆ ಎದ್ದು ಎಷ್ಟು ಜನ ಒಂದು ಪದಪಟ್ಟಿ, ಒಂದು ಕಾಗುಣಿತ ತಿದ್ದುವ ನಿಘಂಟು, ಒಂದು ಫಾಂಟು ಕಟ್ಟಲು ಕೂತರು? ಇನ್ನೊಬ್ಬರ ಮನೆಯ ಜಗಲಿಯಲ್ಲಿ ಕೂತವನು ಎದ್ದು ಹೋಗೆಂದಾಗ ಎದ್ದು ಹೋಗಬೇಕು. ನಮ್ಮ ಜಗಲಿ ನಾವೇ ಕಟ್ಟಬೇಕು.

ಇನ್ನು ಸರ್ಕಾರ. ರಾಜ್ಯ ಸರ್ಕಾರ 2012ರಲ್ಲಿ ಯೂನಿಕೋಡನ್ನು ಶಿಷ್ಟತೆಯೆಂದು ಒಪ್ಪಿತು. ಮುಕ್ತ ತಂತ್ರಾಂಶ ಬಳಸಬೇಕೆಂಬ ನೀತಿಯನ್ನು ಕೇಂದ್ರ ಸರ್ಕಾರ 2015ರಲ್ಲೇ ಹೊರಡಿಸಿತು. ಕಾಗದದಲ್ಲಿ ಎಲ್ಲವೂ ಚೆನ್ನ! ಆದರೆ ಬಿಡುಗಡೆ ಸಮಾರಂಭದಲ್ಲಿ ಮಂತ್ರಿಗಳು ಗುಂಡಿ ಒತ್ತಿ, ಹಾರ ಹಾಕಿಸಿಕೊಂಡು, ಫೋಟೋ ತೆಗೆಸಿಕೊಂಡು ಹೋದ ಮೇಲೆ ಯಾರಾದರೂ ಈ ಮೂರು ಪ್ರಶ್ನೆ ಕೇಳುತ್ತಾರಾ? ಮೂಲ ಸಂಕೇತ ಎಲ್ಲಿದೆ? ಪರವಾನಗಿ ಏನು? ಐದು ವರ್ಷದ ನಂತರ ಇದನ್ನು ಮತ್ತೆ ಕಟ್ಟುವುದು ಹೇಗೆ? 'ಉಚಿತ' ಎಂದು ಹಂಚಿದರೆ ಸಾಲದು. ಪರವಾನಗಿ ಬರೆಯದ ಫಾಂಟನ್ನು ಡೆಬಿಯನ್, ಗಿಕ್ಸ್ ಗೋದಾಮುಗಳು ಒಳಗೆ ಬಿಡುವುದಿಲ್ಲ. ಅದು ಅಪ್ಪ ಅಮ್ಮನ ಹೆಸರಿಲ್ಲದ ಮಗುವಿನಂತೆ ಬಾಗಿಲ ಹೊರಗೇ ನಿಲ್ಲುತ್ತದೆ.

ನಮ್ಮ ಹಕ್ಕೊತ್ತಾಯ

1. ಕನ್ನಡಿಗರ ತೆರಿಗೆ ಹಣದಲ್ಲಿ ಮಾಡಿದ ಪ್ರತಿಯೊಂದು ಫಾಂಟು, ಕೀಲಿಮಣೆ, ಪರಿವರ್ತಕ, ನಿಘಂಟಿನ ಮೂಲ ಸಂಕೇತ ಸಾರ್ವಜನಿಕವಾಗಬೇಕು. ಮುಕ್ತ ಪರವಾನಗಿ ಅದರ ಜೊತೆಗೇ ಇರಬೇಕು.

2. ಟೆಂಡರಿನಲ್ಲೇ ಷರತ್ತು ಹಾಕಬೇಕು: ಪ್ಯಾಕೇಜಿನ ವಿವರಣೆ ಬರೆದು ಗೋದಾಮಿಗೆ ಸೇರಿಸಿದ ಮೇಲೆಯೇ ಕೊನೆಯ ಕಂತು.

3. ಬೀಗ ಹಾಕಿದ ಹಳೆಯ ತಂತ್ರಾಂಶಗಳ ಅಕ್ಷರಪಟ್ಟಿಗಳನ್ನು ಮಾಲೀಕರಿಂದ ಪಡೆದು ಬಹಿರಂಗಪಡಿಸಬೇಕು.

4. ಇದು ಸರ್ಕಾರಕ್ಕಲ್ಲ, ನಿಮಗೆ. ವರ್ಷಕ್ಕೆ ಒಬ್ಬೊಬ್ಬರು ಒಂದೊಂದು ಕನ್ನಡ ಪ್ಯಾಕೇಜ್ ಬರೆಯಬೇಕು. ಯಾವ ಗೋದಾಮಿನಲ್ಲಿ ಯಾವ ಕನ್ನಡ ಫಾಂಟು, ಯಾವ ನಿಘಂಟು ಇಲ್ಲವೋ ಹುಡುಕಿ. ಸಣ್ಣ ಫಾಂಟಿನ ಕಾರ್ಡು ಇಪ್ಪತ್ತು ಮೂವತ್ತು ಸಾಲು, ನಿಮ್ಮ ಒಂದು ಭಾನುವಾರದ ಕೆಲಸ. ತಪ್ಪಿದ್ದರೆ ಅಲ್ಲಿನವರು ತಿದ್ದಿ ಹೇಳುತ್ತಾರೆ, ಮತ್ತೆ ಕಳಿಸಿ. ನಿಕ್ಸ್ ಗೋದಾಮಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಪ್ಯಾಕೇಜುಗಳಿವೆ. ಅಲ್ಲಿ ಸೇರಿಸಲು ಯಾರ ಶಿಫಾರಸೂ ಬೇಡ, ಯಾರ ಲಂಚವೂ ಬೇಡ.

ಬೀದಿಗೆ ಇಳಿಯುವ ಕೆಲಸ ಮುಗಿಯಿತು ಎಂದು ನಾನು ಹೇಳುವುದಿಲ್ಲ. ಬೋರ್ಡಿಗೆ ಕಲ್ಲು ಬೀಳಬೇಕಾದ ದಿನ ಬಿದ್ದೇ ಬೀಳುತ್ತದೆ. ಆದರೆ ಬೋರ್ಡು ಬದಲಾದ ದಿನ ಅದರ ಮೇಲೆ ಕೂರಬೇಕಾದ ಕನ್ನಡ ನೆಟ್ಟಗೆ, ಒತ್ತು ಜಾರದೆ, ಯಾರ ಡಾಂಗಲ್ಲಿನ ಹಂಗೂ ಇಲ್ಲದೆ ಕೂರಬೇಕು. ಆ ಕೆಲಸಕ್ಕೆ ಬೇಕಾದ ವಿದ್ಯೆ ನಿಮ್ಮ ಬೆರಳಲ್ಲಿದೆ. ಅದನ್ನು ಊರವರಿಗೆಲ್ಲ ಹಂಚಿ ಸ್ವಂತ ತಾಯಿಗೆ ಮಾತ್ರ 'ಆಮೇಲೆ' ಎನ್ನುವ ಮಕ್ಕಳಾಗಬೇಡಿ.

ಸಿರಿಗನ್ನಡಂ ಗೆಲ್ಗೆ! ಜೈ ಕರ್ನಾಟಕ!